ಕೆರೆಯ ಲೆಕ್ಕದಲ್ಲಿ ನನ್ನ ತಪ್ಪು

ನಮ್ಮೂರಿನ ಕೆರೆ ತಾನಾಗಿ ಅಲುಗಾಡುವುದಿಲ್ಲ. ಚಾವಡಿಯಲ್ಲಿ ಬರೆದಂತೆ ನಿಲ್ಲುತ್ತದೆ, ಬರೆದಂತೆ ಸರಿಯುತ್ತದೆ. ಹೊರಗಿನ ನೆಂಟರು ಮೊದಲ ದಿನ ಹುಬ್ಬೇರಿಸುತ್ತಾರೆ, ಮಾರನೇ ದಿನ ಅವರೂ ಟವೆಲು ಹೆಗಲಿಗೆ ಹಾಕಿಕೊಂಡು, "ಚಾವಡಿ ತೆಗೆದಿದ್ದಾರಾ?" ಎಂದು ಕೇಳಿಕೊಂಡೇ ಸ್ನಾನಕ್ಕೆ ಹೊರಡುತ್ತಾರೆ. ಕೆರೆಯನ್ನು ಗದ್ದೆಯ ಮಡಿಗಳ ಹಾಗೆ ಚೌಕ ಚೌಕವಾಗಿ ಗುರುತು ಮಾಡಿದ್ದಾರೆ. ಒಂದೊಂದು ಚೌಕಕ್ಕೆ ಚಾವಡಿಯಲ್ಲಿ ಒಂದೊಂದು ಮಣೆ, ಒಂದೊಂದು ಮಣೆಗೆ ಒಬ್ಬೊಬ್ಬರು, ಅವರ ತೊಡೆಯ ಮೇಲೊಂದು ಸ್ಲೇಟು. ಆ ಚೌಕದಲ್ಲಿ ನೀರು ಎಷ್ಟು ಅಂಗುಲ ಎತ್ತರ ನಿಂತಿದೆಯೋ ಆ ಅಂಕಿ ಸ್ಲೇಟಿನಲ್ಲಿರುತ್ತದೆ. ಜಾಗಟೆ ಬಾರಿಸಿದ ಕೂಡಲೇ ಪ್ರತಿಯೊಬ್ಬರೂ ತಮ್ಮ ಎಡಬಲ, ಹಿಂದುಮುಂದಿನ ನಾಲ್ವರ ಸ್ಲೇಟು ನೋಡಬೇಕು. ಅವರದು ಒಟ್ಟಾರೆ ಹೆಚ್ಚಿದ್ದರೆ ತಮ್ಮ ಅಂಕಿಯನ್ನು ಸ್ವಲ್ಪ ಏರಿಸಬೇಕು, ಕಡಿಮೆಯಿದ್ದರೆ ಸ್ವಲ್ಪ ಇಳಿಸಬೇಕು. ಎಲ್ಲರೂ ಬರೆದು ಬಳಪ ಕೆಳಗಿಡುವ ಹೊತ್ತಿಗೆ ಹೊರಗೆ ಕೆರೆಯೂ ಹಾಗೆಯೇ ನಿಂತಿರುತ್ತದೆ. ಅಷ್ಟೇ.

ಚಾವಡಿಗೆ ಕೆರೆಯ ಕಡೆ ಕಿಟಕಿಯಿಲ್ಲ. ಕಣ್ಣು ನೀರಿನ ಮೇಲಿದ್ದರೆ ಕೈ ತನಗಿಷ್ಟ ಬಂದ ಅಂಕಿ ಬರೆಯುತ್ತದೆ ಎಂದು ಹಿರಿಯರು ಕಿಟಕಿಯನ್ನೇ ಇಡಲಿಲ್ಲ. ಮಣೆಯ ಮೇಲಿರುವವರನ್ನು ನಗಿಸಬಾರದು. ಸೀನು ಬಂದರೆ ಬಳಪ ಎತ್ತಿ ಹಿಡಿದು ಸೀನಬೇಕು. ನಮ್ಮಲ್ಲಿ ಹೆಣ್ಣು ನೋಡಲು ಬಂದವರು ಹುಡುಗಿಗೆ ಹಾಡು ಬರುತ್ತದೆಯೇ ಎಂದು ಕೇಳುವುದಿಲ್ಲ, ಭಾಗಾಕಾರ ಬರುತ್ತದೆಯೇ ಎಂದು ಕೇಳುತ್ತಾರೆ. ಗಂಡಿನ ವಿಷಯದಲ್ಲೂ ಹಾಗೆ ಕೇಳಿದ್ದರೆ ನನಗೆ ಈ ಜನ್ಮದಲ್ಲಿ ಮದುವೆಯಾಗುತ್ತಿರಲಿಲ್ಲ.

ಯಾಕೆಂದರೆ ನಾನು, ಹಾಲಪ್ಪ, ಈ ಊರಿನ ಪ್ರಮೇಯದವನು. ಲೆಕ್ಕ ಮಾಡುವುದು ನನ್ನ ಕೆಲಸವಲ್ಲ. ಮಾಡಿದ ಲೆಕ್ಕ ಎಷ್ಟರ ಮಟ್ಟಿಗೆ ತಪ್ಪಬಹುದು ಎಂದು ಸಾಧಿಸಿ ತೋರಿಸುವುದು ನನ್ನ ಕೆಲಸ. ಯಾರೂ ಬರೆಯದೆ ತಾನಾಗಿ ಹರಿಯುವ ನಿಜವಾದ ಕೆರೆಯೊಂದು ಎಲ್ಲಾದರೂ ಇದ್ದರೆ ಅದು ಹೇಗಿರುತ್ತದೆ, ನಮ್ಮ ಬಳಪದ ಕೆರೆ ಅದರಿಂದ ಹೆಚ್ಚೆಂದರೆ ಎಷ್ಟು ದೂರ ಸರಿಯಬಹುದು, ಇದೇ ನನ್ನ ಹೊಟ್ಟೆಪಾಡು. ಸ್ವಂತಕ್ಕೆ ಒಂದು ಕೂಡುವ ಲೆಕ್ಕ ಕೊಟ್ಟರೆ ಬೆರಳು ಸಾಲದೆ ಕಾಲಿಗೆ ಬಗ್ಗುವ ಮನುಷ್ಯ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂಬ ಗಾದೆಯನ್ನು ಊರವರು ನನ್ನನ್ನು ನೋಡಿಯೇ ಕಲಿತಿರಬೇಕು. ನನ್ನ ಹೆಂಡತಿ ರುದ್ರಮ್ಮನಿಗಂತೂ ಮೊದಲಿನಿಂದ ಒಂದೇ ದೂರು. "ಸಾರಿಗೆ ಉಪ್ಪು ಸರಿಯಾಗಿದೆಯಾ ಅಂತ ಕೇಳಿದ್ರೆ ಹೌದು ಅನ್ನಿ, ಇಲ್ಲ ಅನ್ನಿ. ತಪ್ಪಿದ್ರೂ ಒಂದು ಚಿಟಿಕೆಗಿಂತ ಹೆಚ್ಚು ತಪ್ಪಿಲ್ಲ ಅಂತೀರಲ್ರೀ, ಅದನ್ನ ಕಟ್ಕೊಂಡು ನಾನೇನು ಮಾಡ್ಲಿ?"

ನನ್ನ ಹೆಸರಿನಲ್ಲಿ ಒಂದೇ ಒಂದು ಪ್ರಮೇಯವಿದೆ. ಜಾಗಟೆ ಜಾಗಟೆಯ ನಡುವಿನ ಅಂತರ ಸಾಕಷ್ಟು ಚಿಕ್ಕದಾಗಿದ್ದರೆ, ಮಣೆಯ ಮೇಲೆ ಕೂತವರಲ್ಲಿ ಯಾರೊಬ್ಬರು ಸಣ್ಣ ತಪ್ಪು ಮಾಡಿದರೂ ಅದು ಬೆಳೆಯುವುದಿಲ್ಲ. ಅಕ್ಕಪಕ್ಕದವರಲ್ಲಿ ಹಂಚಿಹೋಗಿ ಸವೆದುಬಿಡುತ್ತದೆ. ಇದನ್ನು ಸಾಧಿಸಲು ನನ್ನ ತಲೆಗೂದಲು ಖರ್ಚಾಯಿತು. ಚಾವಡಿಯ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿದ್ದೆ. ಜನ ಅದರ ಪಕ್ಕದಲ್ಲೇ ಮೊಳೆ ಹೊಡೆದು ಕೊಡೆ ನೇತುಹಾಕುತ್ತಿದ್ದರು.

ಹೀಗಿರುವಾಗ ಮಣೆಯವರೆಲ್ಲ ಸೇರಿ ಒಂದು ದಿನ ಗಲಾಟೆ ತೆಗೆದರು. ಬೆಳಗಿನಿಂದ ಸಂಜೆವರೆಗೆ ಕೂತು ಸೊಂಟ ಬಿದ್ದುಹೋಯಿತು, ಬಳಪದ ಪುಡಿ ಕುಡಿದು ಕೆಮ್ಮು ಹತ್ತಿತು, ಊಟದ ತುತ್ತು ಬಾಯಿಗಿಡುವಷ್ಟರಲ್ಲಿ ಜಾಗಟೆ. ದರ್ಜಿ ಈರಣ್ಣ ಎಲ್ಲರ ಪರವಾಗಿ ಎದ್ದು ನಿಂತ. ಅವನದು ಕೆರೆಯ ನಡುಮಧ್ಯದ ಚೌಕ. "ಜಾಗಟೆ ಒಂದು ಬಿಟ್ಟು ಒಂದು ಬಾರಿಸಿ. ಒಂದ್ಸಲಕ್ಕೆ ಏರಿಸೋದು ಇಳಿಸೋದು ಎರಡರಷ್ಟು ಮಾಡೋಣ. ಎರಡು ಸಣ್ಣ ಹೊಲಿಗೆ ಹಾಕೋ ಕಡೆ ಒಂದು ಉದ್ದ ಹೊಲಿಗೆ. ಬಟ್ಟೆ ಅದೇ ತಾನೇ?" ಎಂದ. ಜಾಗಟೆಯ ಓಬಳಮ್ಮನಿಗೆ ಇದು ಹಿಡಿಸಲಿಲ್ಲ. ಚಾವಡಿಯಲ್ಲಿ ಅವಳ ಕೋಲೇ ಕೊನೆಯ ಮಾತು. ಆದರೂ ಇಷ್ಟು ಜನದ ಸೊಂಟದ ಮಾತು ಬಂದಾಗ ಅವಳೂ ಏನು ಮಾಡಿಯಾಳು? "ಪ್ರಮೇಯದ ಮೇಷ್ಟ್ರನ್ನ ಕರೀರಿ. ಅವರ್ಯಾತಕ್ಕಿದಾರೆ?" ಎಂದಳು.

ನನಗೆ ರೆಕ್ಕೆ ಬಂದವು. ಶಲ್ಯ ಇಸ್ತ್ರಿ ಮಾಡಿಸಿಕೊಂಡು ಹೋದೆ. ಬೆಳಿಗ್ಗೆ ಶುರು ಮಾಡಿದವನು ಊಟದ ಹೊತ್ತಿಗೆ ಉಪಸಂಹಾರಕ್ಕೆ ಬಂದೆ. ಅಷ್ಟರಲ್ಲಿ ಅರ್ಧ ಜನ ನಿದ್ದೆ ಹೋಗಿದ್ದರು, ಉಳಿದರ್ಧ ಜನ ಅವರನ್ನು ನೋಡಿ ಹೊಟ್ಟೆಕಿಚ್ಚು ಪಡುತ್ತಿದ್ದರು.

"ಆದ್ದರಿಂದ, ಅಂತರ ಸಾಕಷ್ಟು ಚಿಕ್ಕದಾಗಿದ್ದರೆ ಯಾವ ತೊಂದರೆಯೂ ಇಲ್ಲ," ಎಂದು ಮುಗಿಸಿದೆ.

"ಸಾಕಷ್ಟು ಚಿಕ್ಕದು ಅಂದ್ರೆ ಎಷ್ಟು ಮೇಷ್ಟ್ರೇ?" ಓಬಳಮ್ಮ ಕೇಳಿದಳು.

"ಅಂಥ ಒಂದು ಅಂತರ ಇದೆ ಅಂತ ಸಾಧಿಸಿದೀನಿ."

"ಇದೆ, ಒಪ್ಪಿದೆ. ಎಷ್ಟು?"

"ಇರೋದಂತೂ ಖಂಡಿತ."

"ಅದೇ, ಎಷ್ಟು ಅಂತ."

"ನೋಡವ್ವಾ, ಎಷ್ಟು ಅನ್ನೋದು ಲೆಕ್ಕದ ಪ್ರಶ್ನೆ. ನಾನು ಪ್ರಮೇಯದವನು."

ಈರಣ್ಣ ಚಪ್ಪಾಳೆ ತಟ್ಟಿದ. "ತೊಂದರೆ ಇಲ್ಲ ಅಂತ ಮೇಷ್ಟ್ರೇ ಹೇಳಿದ್ರಲ್ಲ!" ಎಲ್ಲರೂ ಎದ್ದು ಊಟಕ್ಕೆ ಹೋದರು. ಅವರ ಹಿಂದೆ ಓಡಿಹೋಗಿ 'ಸಾಕಷ್ಟು' ಎಂಬ ಮಾತಿನ ತೂಕವನ್ನು ವಿವರಿಸಬೇಕೆಂದುಕೊಂಡೆ. ಆದರೆ ಅಂದು ಹೋಳಿಗೆ ಮಾಡಿಸಿದ್ದರು.

ಮಾರನೇ ದಿನದಿಂದ ಜಾಗಟೆ ಒಂದು ಬಿಟ್ಟು ಒಂದಾಯಿತು. ಏನೂ ಆಗಲಿಲ್ಲ. ಎಲ್ಲರ ಸ್ಲೇಟಿನಲ್ಲೂ ಒಂದೇ ಅಂಕಿ, ಕೆರೆ ತಟ್ಟೆಯ ಹಾಗೆ ಸಮವಾಗಿತ್ತು. ಏರಿಸುವುದೂ ಇಲ್ಲ, ಇಳಿಸುವುದೂ ಇಲ್ಲದ ಮೇಲೆ ಎರಡರಷ್ಟು ಮಾಡಿದರೇನು, ಹತ್ತರಷ್ಟು ಮಾಡಿದರೇನು? ಜನ ಮಧ್ಯಾಹ್ನ ಉಂಡು ಚಾವಡಿಯ ಕಂಬಕ್ಕೊರಗಿ ತೂಕಡಿಸಿದರು. ನನ್ನ ಪುಣ್ಯದಿಂದ ಬಿಡುವು ಸಿಕ್ಕಿತೆಂದು ಯಾರೋ ಮನೆಗೆ ಒಂದು ಚಿಪ್ಪು ಬಾಳೆಹಣ್ಣು ತಂದುಕೊಟ್ಟರು. ನಾಚಿಕೆಯಿಲ್ಲದೆ ತಿಂದೆ.

ಆಗ ನನ್ನ ಮಗಳು ಹೇಮಿ ಚೊಚ್ಚಲ ಹೆರಿಗೆಗೆ ಮನೆಗೆ ಬಂದಿದ್ದಳು. ಹೆರಿಗೆ ಆಸ್ಪತ್ರೆ ಕೆರೆಯ ಆಚೆ ದಡದಲ್ಲಿ. ಒಂದು ಬೆಳಿಗ್ಗೆ ತಿಂಡಿಯ ಹೊತ್ತಿಗೆ ಅವಳಿಗೆ ನೋವು ಶುರುವಾಯಿತು. ರುದ್ರಮ್ಮ ಗಂಟುಮೂಟೆ ಕಟ್ಟಿ ಅವಳನ್ನು ನಡೆಸಿಕೊಂಡು ದಡಕ್ಕೆ ಬಂದಳು. ಅಂಬಿಗ ಭರಮಣ್ಣ ದೋಣಿ ಹಿಡಿದು ನಿಂತಿದ್ದ. ನಾನೂ ಕಾಲೆತ್ತಿ ಇಟ್ಟೆ.

"ನೀವು ಬರಬೇಡಿ," ಎಂದಳು ರುದ್ರಮ್ಮ. "ಮಗು ಹುಟ್ಟುತ್ತೆ ಅಂತ ಸಾಧಿಸಬಹುದು, ಯಾವಾಗ ಅಂತ ಹೇಳೋಕಾಗಲ್ಲ ಅಂತ ದಾರಿಯುದ್ದಕ್ಕೂ ಕೊರೀತೀರಿ. ಪಾಪ, ಅವಳಿಗೆ ಇರೋ ನೋವೇ ಸಾಕು."

ಇಳಿದೆ. ಹೇಮಿ ದೋಣಿಯಿಂದ ಕೈಚಾಚಿ ನನ್ನ ಕೈ ಹಿಡಿದುಕೊಂಡಳು. ಅಂಗೈ ಬೆವರಿತ್ತು. "ಅಪ್ಪಾ, ನೀರು ಸಮ ಇರುತ್ತಲ್ಲಾ?"

"ಇರುತ್ತೆ ಕಂದ," ಎಂದೆ. ಅಂತರ ಸಾಕಷ್ಟು ಚಿಕ್ಕದಾಗಿದ್ದರೆ ಎಂದು ಸೇರಿಸಲಿಲ್ಲ. ಷರತ್ತಿಲ್ಲದೆ ನಾನು ಆಡಿದ ಮಾತು ಬಹುಶಃ ಅದೊಂದೇ.

ದೋಣಿ ಅರ್ಧ ಕೆರೆ ದಾಟಿರಬೇಕು. ನಾನು ಏರಿಯ ಮೇಲಿನ ಹೋಟೆಲಿನಲ್ಲಿ ಚಹಾದ ಲೋಟ ಬಾಯಿಗಿಟ್ಟಿದ್ದೆ. ಅಗಸರ ಕಲ್ಲಿನ ಕಡೆಯಿಂದ ಕೂಗು ಕೇಳಿತು. ತಿರುಗಿ ನೋಡಿದರೆ ಕೆರೆ ಚದುರಂಗದ ಹಾಸಿನಂತಾಗಿತ್ತು. ಒಂದು ಚೌಕ ಮೇಲೆ, ಪಕ್ಕದ್ದು ಕೆಳಗೆ, ಅದರ ಪಕ್ಕದ್ದು ಮತ್ತೆ ಮೇಲೆ. ಒಳಗೆ ಜಾಗಟೆ ಬಾರಿಸಿತು. ಮೇಲಿದ್ದವೆಲ್ಲ ಕೆಳಗೆ ಹೋದವು, ಕೆಳಗಿದ್ದವೆಲ್ಲ ಮೇಲೆದ್ದವು, ಮೊದಲಿಗಿಂತ ಇನ್ನಷ್ಟು ಎತ್ತರಕ್ಕೆ. ನಟ್ಟನಡುವೆ ನಮ್ಮ ದೋಣಿ ಒಂದು ಸಲ ನೀರಿನ ಕಟ್ಟೆಯ ಮೇಲೆ, ಇನ್ನೊಂದು ಸಲ ನೀರಿನ ಗುಂಡಿಯೊಳಗೆ. ಚಹಾದ ಲೋಟ ಅಲ್ಲೇ ಕುಕ್ಕಿ ಎದ್ದೆ.

ಏನಾಗಿದೆ ಎಂದು ನಮ್ಮೂರಿನಲ್ಲಿ ಗೊತ್ತಿದ್ದವನು ನಾನೊಬ್ಬನೇ, ನೋಡಿ ನನ್ನ ಭಾಗ್ಯ! ಇಕ್ಕಟ್ಟಾದ ಓಣಿಯಲ್ಲಿ ಎದುರುಬದುರಾದ ಇಬ್ಬರು ದಾರಿ ಬಿಡಲು ಹೋಗಿ ಇಬ್ಬರೂ ಒಂದೇ ಕಡೆ ಸರಿಯುತ್ತಾರಲ್ಲ, ಮತ್ತೆ ಇಬ್ಬರೂ ಇನ್ನೊಂದು ಕಡೆ ಸರಿಯುತ್ತಾರಲ್ಲ, ಹಾಗೆ. ಯಾರೋ ಒಬ್ಬರು ಒಂದಂಗುಲ ತಪ್ಪು ಬರೆದಿರಬೇಕು. ಪಕ್ಕದವನು ಅದನ್ನು ನೋಡಿ ತನ್ನದನ್ನು ಎರಡರಷ್ಟು ಏರಿಸಿದ, ತಪ್ಪಿದವನು ಎರಡರಷ್ಟು ಇಳಿಸಿದ, ಇಬ್ಬರೂ ಒಬ್ಬರನ್ನೊಬ್ಬರು ದಾಟಿ ಹೋದರು. ಮುಂದಿನ ಸಲ ಇನ್ನೂ ಹೆಚ್ಚು. ಮಣೆಯವರಿಗೆ ತಮ್ಮ ಅಂಕಿ ಕುಣಿಯುತ್ತಿರುವುದು ಕಾಣುತ್ತಿತ್ತು. ಆದರೆ ಬಂದದ್ದನ್ನು ಬರೆಯಬೇಕೆಂಬುದು ಚಾವಡಿಯ ನೇಮ, ಬರೆಯುತ್ತಲೇ ಇದ್ದರು.

ಚಪ್ಪಲಿ ಎಲ್ಲಿ ಬಿಟ್ಟೆನೋ, ಚಾವಡಿಗೆ ನುಗ್ಗಿ "ನಿಲ್ಲಿಸವ್ವಾ! ಓಬಳಮ್ಮ, ನಿಲ್ಲಿಸು!" ಎಂದು ಕಿರುಚಿದೆ. ಓಬಳಮ್ಮ ಎತ್ತಿದ ಕೋಲನ್ನು ಇಳಿಸಿದಳು. ಹೊರಗೆ ಕೆರೆ ಇದ್ದಲ್ಲೇ ನಿಂತಿತು.

"ದೋಣಿ ಗುಂಡಿಯೊಳಗೆ ಸಿಕ್ಕೊಂಡಿದೆ!" ಏರಿಯ ಮೇಲಿನವರು ಕೂಗಿದರು. "ನಾಲ್ಕು ಕಡೆನೂ ನೀರು ಗೋಡೆ ಥರ ನಿಂತಿದೆ! ಭರಮಣ್ಣ ಹುಟ್ಟು ಹಾಕಿದ್ರೂ ಜಗ್ತಿಲ್ಲ!" ಅವರ ಕೂಗಿನ ನಡುವೆ ಇನ್ನೊಂದು ದನಿ ಬಂತು. ಹೇಮಿ ಚೀರಿದ್ದು.

"ನಿಲ್ಲಿಸಿದ್ದಾಯ್ತು. ಈಗೇನು ಮಾಡೋದು ಹೇಳಿ ಮೇಷ್ಟ್ರೇ," ಎಂದಳು ಓಬಳಮ್ಮ.

"ಬೇಗ ಬೇಗ ಬಾರಿಸು. ಏರಿಸೋದು ಇಳಿಸೋದು ಚೂರೇ ಚೂರು ಮಾಡಿಸು. ಒಂದೇ ಸಲಕ್ಕೆ ಸಮ ಮಾಡೋಕೆ ಹೋದ್ರೆ ಗೋಡೆ ಕುಸಿದು ದೋಣಿ ಮೇಲೆ ಬೀಳುತ್ತೆ."

"ಚೂರು ಅಂದ್ರೆ ಎಷ್ಟು?"

ಮತ್ತೆ ಅದೇ ಪ್ರಶ್ನೆ. ಅಂಥದ್ದೊಂದು ಅಂಕಿ ಇದೆ ಎಂದು ನಾಲಿಗೆಯ ತುದಿಗೆ ಬಂತು, ನುಂಗಿಕೊಂಡೆ. ಕಣ್ಣು ಮುಚ್ಚಿ ಗೋಡೆಯ ಮೇಲಿನ ನನ್ನ ಪ್ರಮೇಯವನ್ನು ಮೊದಲಿನಿಂದ ಮನಸ್ಸಿನಲ್ಲಿ ಓಡಿಸಿದೆ. ವ್ಯತ್ಯಾಸದಲ್ಲಿ ಎಂಟರಲ್ಲೊಂದು ಪಾಲಾದರೆ ನೀರಿನ ಗೋಡೆ ತಕ್ಷಣ ಬೀಳುತ್ತದೆ. ಅದರರ್ಧವಾದರೆ ಪ್ರತಿ ಜಾಗಟೆಗೂ ಗೋಡೆ ಅರ್ಧರ್ಧ ಇಳಿಯುತ್ತದೆ. "ಹದಿನಾರರಲ್ಲೊಂದು ಪಾಲು," ಎಂದೆ.

"ವೀಸ ಅನ್ನಿ ಮತ್ತೆ!" ಎಂದು ಓಬಳಮ್ಮ ಚಾವಡಿಯ ಕಡೆ ತಿರುಗಿದಳು. "ಕೇಳಿದ್ರಾ? ನಾಲ್ಕೂ ಕಡೆ ಸೇರಿ ಎಷ್ಟು ವ್ಯತ್ಯಾಸ ಬರುತ್ತೋ ಅದರಲ್ಲಿ ವೀಸದಷ್ಟೇ! ಹೆಚ್ಚು ಮುಟ್ಟಿದ್ರೆ ಕೈ ಮುರೀತೀನಿ!"

ಆಗ ಈರಣ್ಣನ ಪಕ್ಕದ ಮಣೆಯಿಂದ ರೇವಮ್ಮ ಎದ್ದುಬಿಟ್ಟಳು. ದೋಣಿ ನಿಂತಿದ್ದದ್ದು ಅವಳ ಚೌಕದಲ್ಲೇ. "ನನ್ನ ಕೈಲಾಗಲ್ಲ ಓಬಳಮ್ಮ. ಬಸುರಿ ಹೆಂಗಸು ನನ್ನ ಸ್ಲೇಟಿನ ಮೇಲಿದಾಳೆ. ನನ್ನ ಕೈಲಾಗಲ್ಲ," ಎನ್ನುತ್ತ ಗೋಡೆಯ ಬುಡದಲ್ಲಿ ಕುಸಿದು ಕೂತಳು. ಉಳಿದವರೆಲ್ಲ ಅವರವರ ಮಣೆಯ ಮೇಲಿದ್ದರು. ಇಡೀ ಚಾವಡಿಯಲ್ಲಿ ಕೆಲಸವಿಲ್ಲದೆ ನಿಂತಿದ್ದವನು ನಾನೊಬ್ಬನೇ.

"ಏನು ನೋಡ್ತೀರಿ? ಕೂತ್ಕೊಳ್ಳಿ," ಎಂದಳು ಓಬಳಮ್ಮ.

"ನನಗೆ ಲೆಕ್ಕ ಬರಲ್ಲವ್ವಾ," ಎಂದೆ. ದನಿಯಲ್ಲಿ ಅಳುವೇ ಇತ್ತು. "ನಾನು ತಪ್ತೀನಿ."

"ಎಲ್ಲರೂ ತಪ್ತಾರೆ. ಮಣೆ ಖಾಲಿ ಇದ್ರೆ ಕೆರೆ ನಡೆಯಲ್ಲ. ನಿಮ್ಮ ಮಗಳು ತಾನೇ ಇರೋದು ಅಲ್ಲಿ?"

ಕೂತೆ. ಮಣೆ ಇನ್ನೂ ಬೆಚ್ಚಗಿತ್ತು. ಜಾಗಟೆ ಬಾರಿಸಿತು. ಈರಣ್ಣನ ಸ್ಲೇಟು, ಈಚೆಯವರ ಸ್ಲೇಟು, ಹಿಂದಿನವರದು, ಮುಂದಿನವರದು. ನಾಲ್ಕನ್ನೂ ಕೂಡು. ನನ್ನದರ ನಾಲ್ಕರಷ್ಟನ್ನು ಕಳೆ. ಹದಿನಾರರಿಂದ ಭಾಗಿಸು. ನನ್ನದಕ್ಕೆ ಸೇರಿಸು. ಜೀವನವಿಡೀ ಇದೇ ಸಾಲನ್ನು ಅಕ್ಷರಗಳಲ್ಲಿ ಬರೆದಿದ್ದೇನೆ, ಎಷ್ಟು ಚೆಂದ ಕಾಣುತ್ತಿತ್ತು! ಅಕ್ಷರದ ಜಾಗದಲ್ಲಿ ಅಂಕಿ ಬಂದು ಕೂತ ಮೇಲೆ ಒಂದೊಂದೂ ಗೂಳಿಯ ಹಾಗೆ ಮೇಲೇರಿ ಬರುತ್ತಿತ್ತು. ಬೆರಳು ಮಡಚಿದೆ, ಬಿಚ್ಚಿದೆ, ಬಾಯಲ್ಲಿ ಮಗ್ಗಿ ಗೊಣಗಿದೆ. ಅಂತೂ ಒಂದು ಅಂಕಿ ಬರೆದೆ. "ಇಳೀತು! ಗೋಡೆ ಇಳೀತು!" ಎಂದು ಏರಿಯಿಂದ ಕೂಗಿದರು. ಮತ್ತೆ ಜಾಗಟೆ. ಮತ್ತೆ ಬರೆದೆ. "ದೋಣಿ ಮೇಲಕ್ಕೆ ಬರ್ತಿದೆ!" ಬೆವರು ಮೂಗಿನ ತುದಿಯಿಂದ ಸ್ಲೇಟಿನ ಮೇಲೆ ತೊಟ್ಟಿಕ್ಕುತ್ತಿತ್ತು, ಪಂಚೆಯ ಚುಂಗಿನಿಂದ ಒರೆಸಿಕೊಂಡೆ. ಕೆರೆ ಹೆಚ್ಚುಕಡಿಮೆ ಸಮವಾಗುತ್ತ ಬಂದ ಹಾಗೆ ನನಗೂ ಸ್ವಲ್ಪ ಧೈರ್ಯ ಬಂತು. ಇಷ್ಟೇನಾ ಲೆಕ್ಕ ಅನ್ನಿಸಿತು. ದಡ್ಡನಿಗೆ ಧೈರ್ಯ ಬರಬಾರದು ನೋಡಿ.

ಮುಂದಿನ ಜಾಗಟೆಗೆ ನನ್ನದು ತುಸು ಹೆಚ್ಚಿತ್ತು. ಬಂದ ವೀಸವನ್ನು ನನ್ನ ಅಂಕಿಯಿಂದ ಕಳೆಯುವಾಗ, ಪಕ್ಕದ ಮನೆಯಿಂದ ದಶಕ ಕಡ ತಂದದ್ದನ್ನು ಮರೆತೆ. ಬರೆದಾದ ಮೇಲೆ ತಿಳಿಯಿತು. ಇರಬೇಕಾದದ್ದಕ್ಕಿಂತ ಒಂದು ಗೇಣು ಹೆಚ್ಚು! ಎಲ್ಲರ ಬಳಪವೂ ಕೆಳಗಿತ್ತು. ಹೊರಗಿನಿಂದ ಏರಿಯವರೆಲ್ಲ ಒಟ್ಟಿಗೆ "ಅಯ್ಯೋ!" ಎಂದರು. "ದೋಣಿ ಎಗರಿ ಬಿತ್ತು!"

ಹೇಮಿಯ ಬೆವರಿದ ಅಂಗೈ ಇನ್ನೂ ನನ್ನ ಕೈಯಲ್ಲಿದೆ ಅನ್ನಿಸಿತು. ಮಗಳೇ, ನಿನ್ನ ಅಪ್ಪ ಕೂಡುವ ಕಳೆಯುವ ಲೆಕ್ಕದಲ್ಲಿ ನಿನ್ನನ್ನು ಕೊಂದನಲ್ಲೇ ಎಂದುಕೊಂಡೆ. ಅಂಕಿಯನ್ನು ಒರೆಸಿಹಾಕಲು ಅಂಗೈ ಇಟ್ಟೆ.

"ಅಳಿಸಬೇಡ್ರೀ!" ಓಬಳಮ್ಮ ಗುಡುಗಿದಳು. "ನಿಂತ ನೀರನ್ನ ಅಳಿಸೋಕಾಗುತ್ತಾ? ಮುಂದಿನದು ಬರೀರಿ!" ಜಾಗಟೆ ಬಾರಿಸಿಯೇಬಿಟ್ಟಳು.

ಈರಣ್ಣ ಕತ್ತು ಹೊರಳಿಸಿ ನನ್ನ ಸ್ಲೇಟು ನೋಡಿದ. ಅವನಿಗೆ ತಪ್ಪು ಗೊತ್ತಾಯಿತು, ಅವನ ಹುಬ್ಬೇ ಹೇಳಿತು. ಆದರೂ ನೇಮದ ಪ್ರಕಾರ, ನನ್ನ ತಪ್ಪಿನಲ್ಲಿ ಒಂದು ವೀಸವನ್ನು ತನ್ನ ಅಂಕಿಗೆ ಸೇರಿಸಿಕೊಂಡ. ಈಚೆಯವರೂ ಒಂದು ವೀಸ ತೆಗೆದುಕೊಂಡರು. ಹಿಂದಿನವರು, ಮುಂದಿನವರು, ಅವರೂ ಒಂದೊಂದು. ನನ್ನ ಗೇಣು ಸಣ್ಣದಾಯಿತು. ಮತ್ತೊಂದು ಜಾಗಟೆಗೆ ಅವರ ಪಾಲು ಅವರ ಪಕ್ಕದವರಿಗೆ ಹೋಯಿತು. ಅವರು ಯಾರೂ ನನ್ನ ಮಗಳ ಹೆಸರನ್ನೂ ಕೇಳಿದವರಲ್ಲ. ಇನ್ನೊಂದಷ್ಟು ಜಾಗಟೆ ಕಳೆದ ಮೇಲೆ ನಾನು ಅಕ್ಕಪಕ್ಕದ ಸ್ಲೇಟುಗಳಲ್ಲೆಲ್ಲ ನನ್ನ ತಪ್ಪನ್ನು ಹುಡುಕಿದೆ. ಎಲ್ಲೂ ಇರಲಿಲ್ಲ. ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಇದನ್ನೇ ಬರೆಸಿದವನು ನಾನು. ಅದು ನಿಜವೆಂದು ನನಗೆ ಗೊತ್ತಿತ್ತು, ನಂಬಿಕೆ ಮಾತ್ರ ಇರಲಿಲ್ಲ. ಮಣೆಯ ಮೇಲೆ ಅಳಬಾರದೆಂಬ ನೇಮವೇನೂ ಇಲ್ಲ. ಅತ್ತೆ, ಅಳುತ್ತಲೇ ಬರೆದೆ.

"ದೋಣಿ ಹೊರಟಿತು!" ಎಂದರು. ಸ್ವಲ್ಪ ಹೊತ್ತಿಗೆ "ಆಚೆ ದಡ ಮುಟ್ಟಿತು!" ಎಂದರು. ದೋಣಿಯೊಳಗೆ ಏನಾಗಿದೆಯೆಂದು ಕಾಣಿಸುವಷ್ಟು ಹತ್ತಿರ ಯಾರೂ ಇರಲಿಲ್ಲ. ರೇವಮ್ಮ ಚೇತರಿಸಿಕೊಂಡು ಬಂದು ಜಾಗ ಬಿಡಿ ಎಂದಳು. ನಾನು ಬಿಡಲಿಲ್ಲ. ದೋಣಿ ವಾಪಸು ಬರುವ ಮೊದಲೇ ಎದ್ದರೆ ಏನೋ ಆಗಿಬಿಡುತ್ತದೆ ಎಂಬ ಹೆದರಿಕೆ. ಪ್ರಮೇಯದವನಿಗೆ ಮೂಢನಂಬಿಕೆ ಬರಲು ಒಂದು ಬೆಳಗು ಸಾಕು. ಊಟದ ಹೊತ್ತಾಯಿತು. ಯಾರೂ ಊಟದ ಮಾತೆತ್ತಲಿಲ್ಲ. ಈರಣ್ಣನೂ ಎತ್ತಲಿಲ್ಲ.

ಇಳಿಹೊತ್ತಿನಲ್ಲಿ ರುದ್ರಮ್ಮ ಚಾವಡಿಯ ಬಾಗಿಲಲ್ಲಿ ಬಂದು ನಿಂತಳು. ಸೀರೆ ಒದ್ದೆ, ತುರುಬು ಬಿಚ್ಚಿಹೋಗಿತ್ತು. ಅವಳ ಮುಖ ನೋಡಿ ನನಗೆ ಏನೂ ಗೊತ್ತಾಗಲಿಲ್ಲ.

"ಹೆಣ್ಣು," ಎಂದಳು. "ತಾಯಿ ಮಗು ಇಬ್ರೂ ಚೆನ್ನಾಗಿದಾರೆ."

ಇಡೀ ಚಾವಡಿ ಉಸಿರುಬಿಟ್ಟಿತು. ರುದ್ರಮ್ಮ ಮಾತ್ರ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಒಳಗೆ ಬಂದಳು. "ಆಸ್ಪತ್ರೆವರೆಗೂ ಕಾಯಲಿಲ್ಲ ಮಗು. ನೋವು ತಿಂದೂ ತಿಂದೂ ಹೇಮಿ ಸೋತುಹೋಗಿದ್ಲು. ಇನ್ನು ನನ್ನ ಕೈಲಾಗಲ್ಲ ಅವ್ವಾ ಅಂತ ಕಣ್ಣು ಮುಚ್ಚಿಬಿಟ್ಲು. ನೀರು ಸಮ ಆಗ್ತಾ ಇದೆ, ಬದುಕಿದೆವು ಅನ್ನೋವಾಗ ಯಾವನೋ ಮನೆಹಾಳ ದೋಣೀನ ಎತ್ತಿ ಕುಕ್ಕಿದ. ಅವಳು ಕಿಟಾರನೆ ಕಿರುಚಿಕೊಂಡ್ಲು ನೋಡಿ, ಅದೇ ಏಟಿಗೆ ಬಂತು ಮಗು, ನನ್ನ ಮಡಿಲಿಗೇ. ಇನ್ನೊಂದು ಚೂರು ತಡವಾಗಿದ್ರೆ ಎರಡು ಜೀವವೂ ಉಳೀತಿರಲಿಲ್ಲ ಅಂದ್ರು ಡಾಕ್ಟ್ರು. ಯಾರ ಚೌಕ ಅದು? ಯಾರು ಕೂತಿದ್ರು ಅಲ್ಲಿ?"

ಎಲ್ಲರೂ ನನ್ನ ಕಡೆ ನೋಡಿದರು. ಈರಣ್ಣ ಕೆಮ್ಮಿದ.

"ನಾನೇ ಕಣೇ," ಎಂದೆ. "ದಶಕ ಕಡ ತಂದಿದ್ದನ್ನ ಮರೆತೆ."

ರುದ್ರಮ್ಮ ನನ್ನನ್ನು ನೋಡಿದಳು. ತೊಡೆಯ ಮೇಲಿನ ಸ್ಲೇಟು ನೋಡಿದಳು. ಮೀಸೆಯ ಮೇಲಿನ ಬಳಪದ ಪುಡಿ ನೋಡಿದಳು.

"ಮದುವೆಯಾದಾಗಿನಿಂದ ನೀವು ಮಾಡಿದ ಲೆಕ್ಕ ಇದೊಂದೇ," ಎಂದಳು. "ಅದೂ ತಪ್ಪು."

ಹಾಗೆಂದವಳು ನನ್ನ ಮಣೆಯ ಪಕ್ಕದಲ್ಲಿ ನೆಲಕ್ಕೆ ಕೂತು, ನನ್ನ ಹೆಗಲಿಗೆ ಹಣೆ ಹಚ್ಚಿ, ಅಷ್ಟು ಜನರ ಎದುರಿಗೆ ಗೊಳೋ ಎಂದು ಅತ್ತಳು. ಓಬಳಮ್ಮ ಜಾಗಟೆಗೆಂದು ಕೋಲು ಎತ್ತಿದ್ದವಳು ನಮ್ಮನ್ನು ನೋಡಿ ಕೈಯನ್ನು ಹಾಗೇ ಹಿಡಿದು ನಿಂತಳು. ರುದ್ರಮ್ಮ ಅತ್ತು ಮುಗಿಸುವವರೆಗೆ ಕೆರೆ ಕಾದು ನಿಂತಿತು.